ಪಂಪಿನ ಕಡೆಯ ಕ್ಲಿಪ್ಪು

ಗುರುವಾರ ಬೆಳಿಗ್ಗೆ ಮೆಕ್ಯಾನಿಕ್ಕನ ಹೆಂಡತಿ ಮೆಟ್ಟಿಲು ಹತ್ತಿ ಬಂದಾಗ ಬೂದಿಯಮ್ಮ ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತ ನಿಂತಿದ್ದರೆ ಬೇರೆ ಯಾರಾದರೂ ಕತ್ತರಿ ಕೆಳಗಿಡುತ್ತಿದ್ದರು. ಬೂದಿಯಮ್ಮ ಇಡಲಿಲ್ಲ. ಎಡಗಾಲಿನ ಕಿರುಬೆರಳಿನ ತನಕ ಅಚ್ಚುಕಟ್ಟಾಗಿ ಮುಗಿಸಿ, ಚೂರುಗಳನ್ನು ಕಾಗದದ ಮೇಲೆ ಗುಡ್ಡೆ ಮಾಡಿ, ಆಮೇಲೆ ತಲೆಯೆತ್ತಿದರು.

“ಅತ್ತು ಮುಗೀತಾ? ಮುಗಿದಿದ್ರೆ ಹೇಳು.”

ಪಕ್ಕದ ಕುರ್ಚಿಯಲ್ಲಿದ್ದ ಟೈಪಿಸ್ಟ ನಾಚಿಕೆಯಿಂದ ತಲೆ ತಗ್ಗಿಸಿದ. ಇಪ್ಪತ್ತೆರಡು ವರ್ಷ ಆಕೆಯ ವರದಿಗಳನ್ನು ಟೈಪು ಮಾಡಿ ಬೆನ್ನು ಬಗ್ಗಿಸಿಕೊಂಡವನು ಅವನು. ಬೂದಿಯಮ್ಮ ವಿಮಾ ಕಂಪನಿಯ ಕೆಲಸದಲ್ಲಿದ್ದಷ್ಟು ಕಾಲ ಸುಟ್ಟ ಅಂಗಡಿ, ಸುಟ್ಟ ಲಾರಿ, ಸುಟ್ಟ ಮನೆಗಳ ಬೂದಿಯನ್ನು ಜರಡಿ ಹಿಡಿದು, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳಿದವರು. ಆ ಹೆಸರು ಬಂದದ್ದೇ ಹಾಗೆ. ನಿವೃತ್ತಿಯಾದ ಮೇಲೆ ಇಬ್ಬರೂ ಒಂದೇ ಕಟ್ಟಡದ ಮೇಲಂತಸ್ತಿನಲ್ಲಿ ಅಕ್ಕಪಕ್ಕದ ಕೋಣೆ ಹಿಡಿದಿದ್ದರು. ಕೆಳಗೆ ಮೆಕ್ಯಾನಿಕ್ಕನ ಗ್ಯಾರೇಜು, ಅದರ ಹಿಂದೆ ಅವನ ಮನೆ. ಹತ್ತು ದಿನಗಳಿಂದ ನೆಲದಡಿಯಿಂದ ಗಂಡಸಿನ ಅಳು ಕೇಳಿಸುತ್ತಿದ್ದದ್ದು ಟೈಪಿಸ್ಟನಿಗೆ ಗೊತ್ತಿತ್ತು. ಬೂದಿಯಮ್ಮನಿಗೂ ಗೊತ್ತಿತ್ತು. ಆದರೆ ಕರೆಯದೆ ಯಾರ ಬಾಗಿಲಿಗೂ ಹೋಗುವ ಜಾಯಮಾನ ಆಕೆಯದಲ್ಲ.

“ಅಮ್ಮಾ, ನಾಳೆ ಹನ್ನೊಂದು ಗಂಟೆಗೆ ಇವ್ರು ಸ್ಟೇಷನ್ನಿಗೆ ಹೋಗಿ ತಪ್ಪು ಒಪ್ಕೊಂಡು ಸಹಿ ಹಾಕ್ತಾರಂತೆ” ಎಂದಳು ಮೆಕ್ಯಾನಿಕ್ಕನ ಹೆಂಡತಿ. “ಹೆಡ್‌ಮಾಸ್ಟ್ರು ಸತ್ತಿದ್ದು ನನ್ನ ಕೈಯಿಂದಾನೇ ಅಂತ ಬರ್ಕೊಡ್ತಾರಂತೆ. ಸಹಿ ಹಾಕಿದ್ರೆ ಐದು ವರ್ಷ ಜೈಲು ಅಂತಾರೆ ಲಾಯರು. ನಾನೆಷ್ಟು ಹೇಳಿದ್ರೂ ಕಿವಿಗೇ ಹಾಕ್ಕೊಳಲ್ಲ.”

“ಅವನ ಕೈಯಿಂದಾನೇ ಆಗಿದ್ರೆ ಹಾಕ್ಲಿ ಬಿಡು.”

“ಅದೇ ಗೊತ್ತಿಲ್ವಲ್ಲಮ್ಮಾ! ಅವ್ರಿಗೇ ಗೊತ್ತಿಲ್ಲ!”

ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ನಿವೃತ್ತ ಹೆಡ್‌ಮಾಸ್ಟರರ ಹಳೇ ಕಾರು ಪೆಟ್ರೋಲು ಸೋರುತ್ತಿತ್ತು. ಶನಿವಾರ ಮೆಕ್ಯಾನಿಕ್ ಪೈಪು ಬದಲಾಯಿಸಿಕೊಟ್ಟ. ಭಾನುವಾರ ಮುದುಕ ಅದೇ ಕಾರಿನಲ್ಲಿ ಕ್ಲಬ್ಬಿಗೆ ಹೋಗಿ ಬಂದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ, ದಿನದಂತೆ ಷೆಡ್ಡಿನಲ್ಲೇ ಕೂತು ಇಂಜಿನ್ ಬಿಸಿ ಮಾಡುತ್ತಿದ್ದಾಗ ಕಾರು ಹತ್ತಿಕೊಂಡು ಉರಿಯಿತು. ಷೆಡ್ಡು ಇಕ್ಕಟ್ಟು, ಡ್ರೈವರ್ ಕಡೆಯ ಬಾಗಿಲು ಗೋಡೆಗೆ ತಾಗುತ್ತಿತ್ತು. ಮುದುಕ ಆಚೆ ಬಾಗಿಲಿಂದ ಹತ್ತಿ ಜರುಗಿಕೊಂಡು ಕೂರುತ್ತಿದ್ದವರು, ಬೆಂಕಿಯಲ್ಲಿ ಜರುಗಲಾಗಲಿಲ್ಲ. ಕಿರಿಮಗ ನುಗ್ಗಿ ಎಳೆದು ಹಾಕಿದ. ಬುಧವಾರ ಪ್ರಾಣ ಹೋಯಿತು.

“ಸುದ್ದಿ ಕೇಳಿದ್ದೇ ತಡ ಇವ್ರು ಆಸ್ಪತ್ರೆಗೆ ಓಡಿದ್ರು” ಎಂದು ಅವಳು ಮುಂದುವರಿಸಿದಳು. “ಕಿರಿಮಗ ಪುಟ್ಟಣ್ಣ ಎರಡೂ ಅಂಗೈಗೆ ಬ್ಯಾಂಡೇಜ್ ಸುತ್ಕೊಂಡು ಬೆಂಚಿನ ಮೇಲೆ ಕೂತಿದ್ರಂತೆ. ಇವ್ರು ನೆಲದ ಮೇಲೆ ಕೂತು ‘ಹೇಗಿದಾರೆ ಸಾರ್’ ಅಂತ ಕೇಳೋಷ್ಟರಲ್ಲಿ, ‘ಪಂಪಿನ ಕಡೆ ಕ್ಲಿಪ್ಪು ಬಿಗಿ ಮಾಡದ ಕೈ ಇದೇ ತಾನೆ’ ಅಂತ ಬೂಟುಗಾಲಲ್ಲಿ ಮೂರು ಸಲ ತುಳಿದ್ರಂತೆ. ಬಲಗೈ ಮೂಳೆ ಪುಡಿಪುಡಿ. ಮೂರು ಬೆರಳು ಇನ್ನು ಮಡಚೋಕೆ ಬರಲ್ಲ ಅಂದಿದಾರೆ. ಇಷ್ಟಾದ್ರೂ ಹೆಡ್‌ಮಾಸ್ಟ್ರು ತೀರ್ಕೊಂಡ ದಿನ ಇವ್ರೇ ಹೋಗಿ ಆ ಪುಟ್ಟಣ್ಣನ ಕಾಲಿಗೆ ಬಿದ್ದು ಬಂದ್ರು. ಇಂಥ ಪೆದ್ದನ್ನ ಕಟ್ಕೊಂಡು ನಾನೇನ್ ಮಾಡ್ಲಿ?”

ಬೂದಿಯಮ್ಮ ಉಗುರಿನ ಕಾಗದವನ್ನು ಮಡಚಿ ಬುಟ್ಟಿಗೆ ಹಾಕಿದರು.

“ತುಳಿಯೋವಾಗ ಅಲ್ಲಿ ಇನ್ಯಾರಿದ್ರು?”

“ಒಬ್ರು ನರ್ಸು. ಅವ್ರೇ ಬಂದು ಎಳೆದದ್ದು.”

“ಟೈಪಿಸ್ಟರೇ, ಚಪ್ಪಲಿ ಹಾಕ್ಕೊಳ್ಳಿ” ಎಂದರು ಬೂದಿಯಮ್ಮ. ಕೆಲಸ ಒಪ್ಪಿಕೊಂಡೆ ಎಂದು ಆಕೆ ಹೇಳುವ ರೀತಿಯೇ ಅದು.

ಗ್ಯಾರೇಜಿನ ಷಟರು ಅರ್ಧ ಇಳಿದಿತ್ತು. ಮೆಕ್ಯಾನಿಕ್ ಟೈರಿನ ಮೇಲೆ ಕೂತಿದ್ದ. ಐವತ್ತರ ಆಸುಪಾಸಿನ ಮನುಷ್ಯ, ಮೊಣಕೈ ತನಕ ಪ್ಲಾಸ್ಟರು, ಗಡ್ಡ ಹತ್ತು ದಿನದ್ದು. ಊರಲ್ಲಿ ಅವನನ್ನು ಪೊಟ್ಟಣದ ಮೆಕ್ಯಾನಿಕ್ ಎನ್ನುತ್ತಿದ್ದರು. ಯಾವ ಸಾಮಾನು ಬದಲಾಯಿಸಿದರೂ ಬಿಚ್ಚಿದ ಹಳೆಯದನ್ನು ಕಾಗದದಲ್ಲಿ ಸುತ್ತಿ, ತಂತಿ ಬಿಗಿದು, ಕಾರಿನ ನಂಬರು ಬರೆದು ಗಿರಾಕಿಯ ಕೈಗೇ ಕೊಡುತ್ತಿದ್ದ. ಬದಲಾಯಿಸದೇ ದುಡ್ಡು ತಗೊಂಡ ಎಂದು ಯಾರೂ ಬೆರಳು ತೋರಿಸಬಾರದು ಎನ್ನುವುದು ಅವನ ಹಟ.

“ಶನಿವಾರ ಮಾಡಿದ್ದನ್ನ ಮೊದಲಿಂದ ಹೇಳು. ನಿನ್ನ ಕಣ್ಣೀರಿಂದಲ್ಲ, ಕಾರಿಂದ ಶುರು ಮಾಡು” ಎಂದರು ಬೂದಿಯಮ್ಮ.

“ಪಂಪಿಂದ ಕಾರ್ಬುರೇಟರಿಗೆ ಹೋಗೋ ರಬ್ಬರ್ ಪೈಪಮ್ಮ. ಒಂದಡಿ ಉದ್ದ. ಮೇಲೆಲ್ಲ ನೂಲು ಹೆಣೆದಿರೋ ಹಳೇ ಕಾಲದ ಮಾಲು. ಬಿರುಕು ಬಿಟ್ಟು ಸೋರ್ತಿತ್ತು, ಕೆಳಗೇ ಬಿಸಿ ಸೈಲೆನ್ಸರ್ ಕೊಳವೆ. ‘ಇನ್ನೆರಡು ದಿನ ಓಡ್ಸಿದ್ರೆ ಸುಟ್ಟು ಹೋಗ್ತೀರಿ ಸಾರ್’ ಅಂತ ನಾನೇ ಅಂದೆ.” ಅವನು ಎಡಗೈಯಿಂದ ಮುಖ ಒರೆಸಿಕೊಂಡ. “ಎರಡೂ ತುದೀನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಬಿಡಿಸ್ದೆ.”

“ಎಳೆದು ತೆಗೀಲಿಲ್ವಾ?”

“ಅಯ್ಯೋ, ನಾನ್ಯಾವತ್ತೂ ಎಳೆಯಲ್ಲ. ಎಳೆದ್ರೆ ಪಂಪಿನ ಮೂತಿ ಮುರಿಯುತ್ತೆ. ಸೀಳೋದೇ. ಆಮೇಲೆ ಮೂತಿ ಉಜ್ಜಿ, ಹೊಸ ಪೈಪು, ಹೊಸ ಕ್ಲಿಪ್ಪು. ನೂಲಿಲ್ದಿರೋ ನುಣುಪು ಪೈಪು. ಕಾರ್ಬುರೇಟರ್ ಕಡೆ ಬಿಗಿ ಮಾಡ್ದೆ. ಪಂಪಿನ ಕಡೆ ಸ್ಕ್ರೂ ಮೇಲೆ ಕೈ ಇಟ್ಟಿದ್ದೆ. ಅಷ್ಟೊತ್ತಿಗೆ ಹೆಡ್‌ಮಾಸ್ಟ್ರು ಶುರು ಮಾಡಿದ್ರು. ‘ನಾಲ್ಕನೇ ಕ್ಲಾಸಲ್ಲೇ ನಿನ್ನ ಯೋಗ್ಯತೆ ನೋಡಿದೀನಿ, ಕೈ ಬೆಳೆದಿದೆ ತಲೆ ಬೆಳೆದಿಲ್ಲ’ ಅಂತ. ನಂಗೆ ತಲೆ ಗಿಮ್ಮಂತು. ಅಲ್ಲಿಂದ ಮುಂದಕ್ಕೆ ನೆನಪಿಲ್ಲ. ಬಿಗಿ ಮಾಡಿದ್ನಾ, ಇಲ್ವಾ? ದೇವ್ರಾಣೆಗೂ ನೆನಪಿಲ್ಲ.”

“ಇಂಜಿನ್ ಓಡ್ಸಿ ನೋಡ್ಲಿಲ್ವಾ?”

“ನೋಡ್ದೆ. ಹತ್ತು ನಿಮಿಷ ಓಡ್ಸಿ ಕಾಗದ ಒತ್ತಿ ನೋಡ್ದೆ, ಒಣಗಿತ್ತು. ಆದ್ರೆ ಅದು ಸಾಕ್ಷಿ ಅಲ್ಲಮ್ಮ. ಹೊಸ ಪೈಪು ಕ್ಲಿಪ್ಪಿಲ್ದಿದ್ರೂ ಮೂತಿನ ಕಚ್ಕೊಂಡಿರುತ್ತೆ, ಒಂದೆರಡು ದಿನ ಸೋರಲ್ಲ.”

ತನ್ನ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನೂ ತಾನೇ ಹರಿದು ಹಾಕಿದ ಇವನ ಮಾತನ್ನು ಟೈಪಿಸ್ಟ ಮನಸ್ಸಿಲ್ಲದೆ ಬರೆದುಕೊಂಡ.

“ಅವತ್ತು ಅವ್ರ ಮನೆಯವ್ರು ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ಲ. ಹೆಡ್‌ಮಾಸ್ಟ್ರು ಒಬ್ರೇ. ಪೊಟ್ಟಣಾನೂ ಅವ್ರೇ ತಗೊಂಡು ಹೋದ್ರು.”

ಸುಟ್ಟ ಕಾರು ಪೊಲೀಸ್ ಸ್ಟೇಷನ್ನಿನ ಹಿತ್ತಲಲ್ಲಿ ನಿಂತಿತ್ತು. ಇನ್‌ಸ್ಪೆಕ್ಟರು ಬೂದಿಯಮ್ಮನನ್ನು ಕಂಡು ಎದ್ದು ನಿಂತರು, ಗೌರವಕ್ಕಿಂತ ಅಭ್ಯಾಸಬಲದಿಂದ. ಹಿಂದೆ ಎರಡು ಕೇಸುಗಳಲ್ಲಿ ಆಕೆ ಅವರ ಮುಖಕ್ಕೆ ಮಸಿ ಬಳಿದಾಗಿತ್ತು.

“ಮೇಡಂ, ಇದರಲ್ಲಿ ಏನೂ ಇಲ್ಲ. ಮೊದಲು ನಾವು ಚುಟ್ಟಾದಿಂದ ಹತ್ಕೊಂಡಿದ್ದು ಅಂತಾನೇ ಅಂದ್ಕೊಂಡಿದ್ವಿ. ಮುದುಕರ ಬಾಯಲ್ಲಿ ಸದಾ ಚುಟ್ಟಾ. ಮನೆಯವ್ರೂ ಸೋಮವಾರ ಹಾಗೇ ಬರೆಸಿದ್ರು. ಬಾನೆಟ್ ಬೇರೆ ಬೆಂಕಿಗೆ ಸೆಟೆದು ಕೂತಿತ್ತು. ಮಂಗಳವಾರ ಮಧ್ಯಾಹ್ನ ಗ್ಯಾಸ್ ಕಟರಲ್ಲಿ ಕೊಯ್ದು ತೆಗೆದಾಗಲೇ ಕ್ಲಿಪ್ಪು ಸಡಿಲ ಇರೋದು ಕಂಡಿದ್ದು.”

ಬೂದಿಯಮ್ಮ ಭೂತಗನ್ನಡಿ ತೆಗೆದು ಇಂಜಿನ್ನಿನೊಳಗೆ ತಲೆ ಹಾಕಿದರು. ಕಾಲು ಗಂಟೆ ತಲೆ ಎತ್ತಲಿಲ್ಲ. ರಬ್ಬರೆಲ್ಲ ಉರಿದು ಹೋಗಿತ್ತು. ಪಂಪಿನ ಮೂತಿಯ ಮೇಲೆ ಕ್ಲಿಪ್ಪೊಂದು ಬಳೆಯಂತೆ ಜೋತಾಡುತ್ತಿತ್ತು. ಕಾರ್ಬುರೇಟರ್ ಕಡೆಯ ಕ್ಲಿಪ್ಪು ಮಾತ್ರ ಬಿಗಿಯಾಗಿತ್ತು, ಅದರಡಿ ಬೆರಳಗಲದ ಕರಿ ಉಂಗುರ ಉಳಿದಿತ್ತು. ಆಕೆ ಚಿಮಟದಿಂದ ಅದನ್ನು ಬಿಡಿಸಿ ಬಿಳಿ ಕಾಗದದ ಮೇಲಿಟ್ಟು ಟೈಪಿಸ್ಟನನ್ನು ಕರೆದರು.

“ಏನು ಕಾಣುತ್ತೆ?”

“ಇದ್ದಿಲು. ಮೇಲೆ ಸಣ್ಣ ಸಣ್ಣ ಗೆರೆ. ಬಟ್ಟೆ ಅಚ್ಚೊತ್ತಿದ ಹಾಗೆ.”

“ಹಾಗೇ ಬರ್ಕೊಳ್ಳಿ. ನಿಮಗೆ ಅರ್ಥ ಆಗ್ಬೇಕು ಅಂತೇನಿಲ್ಲ.”

ಮಧ್ಯಾಹ್ನ ಹೆಡ್‌ಮಾಸ್ಟರರ ಮನೆ. ಸಾವಾಗಿ ಎಂಟೇ ದಿನವಾಗಿದ್ದ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಕನ್ನಡಕದ ಅಂಗಡಿ ನಡೆಸುವ ಹಿರಿಮಗ ಊಟ ಮುಗಿಸಿ ಸೋಫಾದಲ್ಲಿ ಕಾಲು ಚಾಚಿದ್ದ. ವಯಸ್ಸು ಐವತ್ತಾದರೂ ತಡವಾಗಿ ಬಂದರೆ ಅಪ್ಪ ಹೊರಗೇ ನಿಲ್ಲಿಸುತ್ತಿದ್ದರಂತೆ. ಅವನ ಹೆಂಡತಿ, ಅಂದರೆ ಆ ಮನೆಯ ಸೊಸೆ, ಷೆಡ್ಡು ತೋರಿಸಲು ಬಂದಳು. ಗೋಡೆಗಳು ಮಸಿ ಹಿಡಿದಿದ್ದವು. ಆದರೆ ಬಾಗಿಲ ಬಳಿಯ ಕಲ್ಲಿನ ಗೂಡು ಉಳಿದಿತ್ತು. ಅದರ ತುಂಬ ಸತ್ತ ಬಲ್ಬು, ಹಲ್ಲುದುರಿದ ಬಾಚಣಿಗೆ, ಹರಿದ ಚಪ್ಪಲಿ, ಒಂದೊಂದಕ್ಕೂ ತಾರೀಖಿನ ಚೀಟಿ.

“ಇದೇನಮ್ಮಾ ವಸ್ತುಸಂಗ್ರಹಾಲಯ?” ಎಂದ ಟೈಪಿಸ್ಟ.

“ಮಾವನವ್ರ ಕಾನೂನು. ಈ ಮನೇಲಿ ಅವ್ರು ನೋಡಿ ಹೂಂ ಅನ್ನದೆ ಒಂದು ಕಡ್ಡೀನೂ ಆಚೆ ಹಾಕೋ ಹಾಗಿರಲಿಲ್ಲ. ಸಂಜೆ ಕೋಲು ತಗೊಂಡು ಕಸದ ಬುಟ್ಟಿ ಕೆದಕೋರು. ಒಂದ್ಸಲ ಹಳಸಿದ ಅನ್ನ ಚೆಲ್ಲಿದ್ದಕ್ಕೆ ಅದನ್ನೇ ತಂದು ನನ್ನ ತಟ್ಟೆಗೆ ಬಡಿಸಿದ್ರು. ಈಗ ಎಲ್ಲ ಎಸೀಬೋದು. ಆದ್ರೂ ನೋಡಿ, ಯಾರ ಕೈಯೂ ಮುಂದೆ ಬರ್ತಿಲ್ಲ.”

“ಎಲ್ರಿಗೂ ಹೀಗೇನಾ?”

“ಪುಟ್ಟ ಒಬ್ಬನಿಗೆ ಬಿಟ್ಟು. ಅವನಿಗೆ ಒಂದು ದಿನ ಬೈದಿದ್ದಿಲ್ಲ, ಮುದ್ದಿನ ಮಗ. ಹನ್ನೆರಡು ವರ್ಷದ ಕೆಳಗೆ ಯಾರೋ ಹುಡುಗೀನ ಮದುವೆ ಆಗ್ತೀನಿ ಅಂದ. ಆಗ್ಲೂ ಬೈಲಿಲ್ಲ. ಅವಳು ಇವನಿಗೆ ಬರೆದ ಕಾಗದ ಎಲ್ಲ ಊಟದ ಮೇಜಿನ ಮೇಲೆ ನಮ್ಮೆದುರಿಗೇ ಜೋರಾಗಿ ಓದಿ, ತಪ್ಪುಗಳಿಗೆ ಕೆಂಪು ಇಂಕು ಹಾಕಿ, ನೂರಕ್ಕೆ ಹನ್ನೊಂದು ಅಂಕ ಕೊಟ್ಟು ಅವಳಿಗೇ ವಾಪಸ್ ಕಳ್ಸಿದ್ರು. ಅಷ್ಟೇ.” ಸೊಸೆ ನಕ್ಕಳು. ಆ ನಗು ಟೈಪಿಸ್ಟನಿಗೆ ಹಿಡಿಸಲಿಲ್ಲ.

ಗೂಡಿನ ಮೂಲೆಯಲ್ಲಿ ಪೊಟ್ಟಣವಿತ್ತು. ಮೇಲೆ ಮೆಕ್ಯಾನಿಕ್ಕನ ಅಕ್ಷರದಲ್ಲಿ ಕಾರಿನ ನಂಬರು. ಬೂದಿಯಮ್ಮ ತಂತಿ ಬಿಡಿಸಿದರು. ಒಳಗೆ ಒಂದಡಿ ಪೈಪು, ಜಿಡ್ಡು ಮಸಿ ಮೆತ್ತಿಕೊಂಡು ಮೈಯೆಲ್ಲ ಬಿರುಕು. ಎರಡೂ ತುದಿಗಳು ಮಾತ್ರ ಉಂಗುರದ ಹಾಗೆ ದುಂಡಗಿದ್ದವು. ಆಕೆ ಆ ತುದಿಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಮತ್ತೆ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಅಷ್ಟರಲ್ಲಿ ಪುಟ್ಟ ಬಂದ. ನಲವತ್ತಮೂರು ವರ್ಷ, ನರೆತ ತಲೆ. ಈ ವಯಸ್ಸಿನಲ್ಲೂ ಅದೇ ಹೆಸರು. ಅಂಗೈಯ ಬ್ಯಾಂಡೇಜು ಇನ್ನೂ ಇತ್ತು. ಅಪ್ಪನ ಮಾತು ಎತ್ತಿದ್ದೇ ಅವನ ಕಣ್ಣು ತುಂಬಿತು. ಆ ಮನೆಯಲ್ಲಿ ಅತ್ತವನು ಅವನೊಬ್ಬನೇ ಎಂದು ಟೈಪಿಸ್ಟನಿಗೆ ಕನಿಕರವಾಯಿತು.

“ಕಾರ್ ಬಗ್ಗೆ ನಿಮಗೇನಾದ್ರೂ ಗೊತ್ತಾ?” ಎಂದು ಬೂದಿಯಮ್ಮ ಕೇಳಿದರು.

“ದಿನಾ ಬೆಳಿಗ್ಗೆ ತೊಳೀತಿದ್ದೆ, ಇಪ್ಪತ್ತು ವರ್ಷ. ಸ್ಟೀರಿಂಗ್ ಹಿಡಿಯೋಕೆ ಅಪ್ಪ ಒಂದು ದಿನ ಬಿಡಲಿಲ್ಲ. ಬಾನೆಟ್ ಒಳಗೆ ಏನಿದೆ ಅಂತಾನೂ ನಂಗೊತ್ತಿಲ್ಲ.”

“ಮೆಕ್ಯಾನಿಕ್ ಕೈ ಮುರಿದ್ರಂತೆ?”

“ಏನ್ಮಾಡ್ಲಿ ಹೇಳಿ? ಒಳಗೆ ಅಪ್ಪ ಬೆಂದು ಮಲಗಿದ್ರು. ಇವನು ಎದುರಿಗೆ ಬಂದು ಕೂತ. ತಡ್ಕೊಳೋಕೆ ಆಗ್ಲಿಲ್ಲ.”

ಬೂದಿಯಮ್ಮ ಲೊಚಗುಟ್ಟಿದರು. ಟೈಪಿಸ್ಟ ಅದನ್ನು ಸಹಾನುಭೂತಿ ಎಂದುಕೊಂಡ. ಇಷ್ಟು ವರ್ಷ ಒಡನಾಡಿಯೂ ಆಕೆಯನ್ನು ಅರಿಯದ ದಡ್ಡ!

ಸಂಜೆ ಅವನನ್ನೊಬ್ಬನನ್ನೇ ಆಸ್ಪತ್ರೆಗೆ ಅಟ್ಟಿದರು. ಆ ನರ್ಸನ್ನು ಹುಡುಕಿ, ಸೋಮವಾರ ಕಾರಿಡಾರಿನಲ್ಲಿ ಕಂಡದ್ದು ಕೇಳಿದ್ದನ್ನು, ಗಂಟೆ ಸಮೇತ, ಅವಳ ಮಾತಲ್ಲೇ ಬರೆಸಿಕೊಂಡು ಬರಬೇಕೆಂದು ಅಪ್ಪಣೆ. ಗಲಾಟೆಯಾದ ಹೊತ್ತು ವಾರ್ಡಿನ ಪುಸ್ತಕದಲ್ಲಿತ್ತು, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಟೈಪಿಸ್ಟ ಬರೆದುಕೊಂಡು ಬಂದು ಕೊಟ್ಟ. ಆಕೆ ಓದಿ ಮಡಚಿಟ್ಟು, ದೀಪ ಆರಿಸಲು ಹೇಳಿದರು.

“ಮೆಕ್ಯಾನಿಕ್ಕನಿಗೆ ಒಂದು ಮಾತು ಧೈರ್ಯ ಹೇಳಿ ಬರ್ಲಾ?” ಎಂದ ಟೈಪಿಸ್ಟ.

“ಬೇಡ. ಅವನು ಬಾಯಿ ಬಿಟ್ರೆ ಊರಿಗೆಲ್ಲ ಗೊತ್ತಾಗುತ್ತೆ. ಇನ್ನೊಂದು ರಾತ್ರಿ ಅತ್ರೆ ಸಾಯಲ್ಲ.”

ಆ ರಾತ್ರಿಯೂ ನೆಲದಡಿಯಿಂದ ಅಳು ಕೇಳಿಸಿತು. ಟೈಪಿಸ್ಟ ದಿಂಬಿನಿಂದ ಕಿವಿ ಮುಚ್ಚಿಕೊಂಡ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಗ್ಯಾರೇಜಿನಲ್ಲಿ ಸೇರಿದರು. ಹಿರಿಮಗನಿಗೂ ಸೊಸೆಗೂ ಬೆಂಚು, ಪುಟ್ಟನಿಗೆ ಸ್ಟೂಲು. ಇನ್‌ಸ್ಪೆಕ್ಟರು ತಪ್ಪೊಪ್ಪಿಗೆಯ ಕಾಗದವನ್ನು ಫೈಲಿನಲ್ಲಿಟ್ಟುಕೊಂಡೇ ಬಂದಿದ್ದರು. ಮೆಕ್ಯಾನಿಕ್ ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು, ಜೈಲಿಗೆ ಹೊರಟವನಂತೆ ಸಣ್ಣ ಚೀಲದೊಂದಿಗೆ ಗೋಡೆಗೆ ಒರಗಿದ್ದ. ಟೈಪಿಸ್ಟ ತನ್ನ ಹಳೇ ಯಂತ್ರವನ್ನು ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದ.

“ಸತ್ತವರ ಬಗ್ಗೆ ಒಳ್ಳೇ ಮಾತಾಡೋಕೆ ನಂಗೆ ಯಾರೂ ಸಂಬಳ ಕೊಟ್ಟಿಲ್ಲ” ಎಂದು ಬೂದಿಯಮ್ಮ ಶುರು ಮಾಡಿದರು. “ಹೆಡ್‌ಮಾಸ್ಟ್ರು ಕಟುಕ. ಅವರ ಮನೆಯ ಮೂರೂ ಜನಕ್ಕೂ ಅವರು ಸತ್ರೆ ಸಾಕಿತ್ತು. ಇಡೀ ಊರಲ್ಲಿ ಅವರಿಗೋಸ್ಕರ ನಿಜವಾಗಿ ಅತ್ತವನು ಈ ಪೆದ್ದ ಮೆಕ್ಯಾನಿಕ್ ಒಬ್ನೇ.”

“ಮೇಡಂ, ನಾಲಿಗೆ ಬಿಗಿ ಹಿಡಿದು ಮಾತಾಡಿ” ಎಂದ ಹಿರಿಮಗ.

“ಬಿಗಿ ವಿಷಯಕ್ಕೇ ಬರ್ತಿದೀನಿ. ಇನ್‌ಸ್ಪೆಕ್ಟರೇ, ಇವನು ಶನಿವಾರ ಹಾಕಿದ್ದು ನುಣುಪು ಪೈಪು. ಸುಟ್ಟ ಕಾರಲ್ಲಿ ಕ್ಲಿಪ್ಪಿನಡಿ ಉಳಿದಿದ್ದ ರಬ್ಬರಿನ ಮೇಲೆ ನೂಲಿನ ಹೆಣಿಗೆ ಅಚ್ಚಾಗಿದೆ. ಅಂದ್ರೆ ಉರಿದಿದ್ದು ಹಳೇ ಪೈಪು.”

“ಹಾಗಾದ್ರೆ ಇವನು ಬದಲಾಯಿಸಲೇ ಇಲ್ಲ!” ಎಂದ ಪುಟ್ಟ ಎದ್ದು ನಿಂತು.

“ಕೂತ್ಕೊಳ್ಳಿ. ನಾನೂ ಒಂದು ಗಳಿಗೆ ಹಾಗೇ ಅಂದ್ಕೊಂಡೆ. ಆದ್ರೆ ಬದಲಾಯಿಸದೇ ಇದ್ರೆ ಪೊಟ್ಟಣದಲ್ಲಿ ಇರೋದು ಯಾವ ಪೈಪು?” ಬೂದಿಯಮ್ಮ ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದರು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಕಡೆ ಉಜ್ಜಿದರು. ಮಸಿ ಜಿಡ್ಡು ಎದ್ದುಬಂದು, ಅಡಿಯಲ್ಲಿ ನುಣುಪಾದ ಹೊಚ್ಚ ಹೊಸ ರಬ್ಬರು ಕಂಡಿತು. ಬಿರುಕುಗಳೆಲ್ಲ ಬ್ಲೇಡಿನ ಗೀರುಗಳು. “ಇದು ಹೊಸ ಪೈಪು, ವೇಷ ಹಾಕ್ಕೊಂಡಿದೆ. ತುದಿ ನೋಡಿ. ಇವನು ಹಳೇ ಪೈಪನ್ನ ಸೀಳದೆ ತೆಗೆಯಲ್ಲ. ಇದರಲ್ಲಿ ಸೀಳೇ ಇಲ್ಲ. ಇದನ್ನ ಬಿಚ್ಚಿದ ಕೈ ಮೆಕ್ಯಾನಿಕ್ಕಂದಲ್ಲ. ಕಾರು ಕ್ಲಬ್ಬಿಂದ ವಾಪಸ್ ಬಂದ ಮೇಲೆ, ಯಾರೋ ಭಾನುವಾರ ಸಂಜೆ ಹೊಸದನ್ನ ಕಿತ್ತು, ಹಳೇದರ ಸೀಳಿದ ತುದಿ ಕತ್ತರಿಸಿ, ಬಿರುಕು ಬಿಟ್ಟಿದ್ದನ್ನೇ ಮತ್ತೆ ಸಿಕ್ಕಿಸಿ, ಪಂಪಿನ ಕಡೆ ಕ್ಲಿಪ್ಪು ಸಡಿಲ ಬಿಟ್ರು. ಬರೀ ಸಡಿಲ ಬಿಟ್ಟಿದ್ರೆ ಸಾಕಾಗ್ತಿರಲಿಲ್ಲ, ಹೊಸ ರಬ್ಬರು ಕಚ್ಕೊಂಡಿರುತ್ತೆ. ಇವನ ಪ್ರಾಮಾಣಿಕತೆ ಕಟ್ಟಿಕೊಟ್ಟ ಪೊಟ್ಟಣವೇ ಆಯುಧ ಆಯ್ತು.”

ಮೆಕ್ಯಾನಿಕ್ಕನ ಹೆಂಡತಿ ಬಾಯಿಗೆ ಕೈ ಹಿಡಿದಳು. ಟೈಪಿಸ್ಟನ ಬೆರಳುಗಳು ಯಂತ್ರದ ಮೇಲೆ ನಿಂತುಹೋದವು.

“ಷೆಡ್ಡಿಗೆ ಮೂರು ಜನಾನೂ ಹೋಗ್ತಿದ್ವಿ” ಎಂದಳು ಸೊಸೆ ತಣ್ಣಗೆ.

“ಹೌದು. ಮೂವರಲ್ಲಿ ಯಾರು? ಟೈಪಿಸ್ಟರೇ, ನರ್ಸು ಹೇಳಿದ್ದು ಓದಿ.”

ಟೈಪಿಸ್ಟ ಕಾಗದ ತೆಗೆದ. “ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ‘ಪಂಪಿನ ಕಡೆ ಕ್ಲಿಪ್ಪು ಬಿಗಿ ಮಾಡದ ಕೈ ಇದೇ ತಾನೆ’ ಎಂದು ಹೇಳುತ್ತ ಮೂರು ಬಾರಿ ತುಳಿದರು.” ಓದುತ್ತ ಓದುತ್ತ ಅವನಿಗೇ ಹೊಳೆಯಿತು. ನಿನ್ನೆ ತನ್ನ ಕೈಯಾರೆ ಬರೆದುಕೊಂಡದ್ದು! ಬರೆಯುವಾಗ ಕಣ್ಣು ಎಲ್ಲಿತ್ತು?

“ಸೋಮವಾರ ಹತ್ತು ಗಂಟೆಗೆ ಇಡೀ ಊರು ಚುಟ್ಟಾ ಅಂತಿತ್ತು” ಎಂದರು ಬೂದಿಯಮ್ಮ. “ಬಾನೆಟ್ ತೆರೆದಿದ್ದು ಮಂಗಳವಾರ ಮಧ್ಯಾಹ್ನ. ಕ್ಲಿಪ್ಪು ಸಡಿಲ ಅಂತ, ಅದೂ ಪಂಪಿನ ಕಡೇದು ಅಂತ, ಒಂದು ದಿನ ಮುಂಚೆ ನಿಮಗೆ ಯಾರು ಹೇಳಿದ್ರು ಪುಟ್ಟಣ್ಣ?”

“ದುಃಖದಲ್ಲಿ ಬಾಯಿಗೆ ಬಂದಿದ್ದು ಅಂದೆ.”

“ಬಾಯಿಗೆ ಬಂದಿದ್ರೆ ಬೈಗುಳ ಬರ್ತಿತ್ತು. ಬಾನೆಟ್ ಒಳಗೆ ಏನಿದೆ ಅಂತಾನೂ ಗೊತ್ತಿಲ್ಲದವರ ಬಾಯಿಗೆ ಪಂಪು ಬರಲ್ಲ. ದುಃಖ ತಡ್ಕೊಳ್ಳಲಾರದೆ ಅವನ ಕೈ ತುಳೀಲಿಲ್ಲ ನೀವು. ತಪ್ಪು ತನ್ನದೇ ಅಂತ ಅವನೇ ನಂಬ್ಲಿ ಅಂತ ತುಳಿದ್ರಿ. ನಂಬಿದ.”

ಪುಟ್ಟ ಇನ್‌ಸ್ಪೆಕ್ಟರ ಕಡೆ ನೋಡಿದ, ಅಣ್ಣನ ಕಡೆ ನೋಡಿದ. ಯಾರೂ ನೆರವಿಗೆ ಬರಲಿಲ್ಲ.

“ಒಂದು ಮಾತ್ರ ನಂಗೆ ನಗು ತರ್ಸುತ್ತೆ” ಎಂದರು ಬೂದಿಯಮ್ಮ. “ಭಾನುವಾರ ಬುಟ್ಟಿಗೆ ಹಾಕಿದ್ರೆ ಅಪ್ಪ ಕೆದಕ್ತಾರೆ ಅಂತ ಪೊಟ್ಟಣದಲ್ಲಿ ಬಚ್ಚಿಟ್ರಿ, ಸರಿ. ಬುಧವಾರ ಅಪ್ಪ ಸತ್ರು. ಆಮೇಲೆ ಒಂದು ವಾರ ಸಮಯ ಇತ್ತು. ಆ ಪೈಪನ್ನ ಯಾವುದಾದ್ರೂ ಚರಂಡಿಗೆ ಎಸೆದಿದ್ರೆ ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತಿದ್ದೆ. ಎಸೀಲಿಲ್ಲ. ಅಪ್ಪನ್ನ ಸುಟ್ರಿ, ಅಪ್ಪನ ಹೂಂ ಇಲ್ಲದೆ ಒಂದು ರಬ್ಬರ್ ತುಂಡು ಆಚೆ ಹಾಕೋಕೆ ಧೈರ್ಯ ಬರ್ಲಿಲ್ಲ.”

ಪುಟ್ಟನ ಮುಖ ಕಪ್ಪಿಟ್ಟಿತು. ಅಷ್ಟು ಹೊತ್ತಿನ ಮಾತುಗಳಲ್ಲಿ ಅವನಿಗೆ ನಾಟಿದ್ದು ಇದೊಂದೇ ಇರಬೇಕು.

“ಭಾನುವಾರ ಸಂಜೆ ಅವನು ಬಾನೆಟ್ ಒಳಗೆ ತಲೆ ಹಾಕಿದ್ದು ಅಡುಗೆಮನೆ ಕಿಟಕಿಯಿಂದ ನಾನು ನೋಡಿದ್ದೆ” ಎಂದಳು ಸೊಸೆ, ಉಗುರು ನೋಡಿಕೊಳ್ಳುತ್ತ.

ಇನ್‌ಸ್ಪೆಕ್ಟರು ತಿರುಗಿದರು. “ನೋಡಿದ್ರಾ? ಮತ್ಯಾಕಮ್ಮ ಹೇಳಲಿಲ್ಲ?”

“ಮದುವೆಯಾಗಿ ಬಂದ ಮೇಲೆ ಮೊದಲನೇ ಸಲ ನೆಮ್ಮದಿಯಾಗಿ ಊಟ ಮಾಡ್ತಿದೀನಿ ಸಾರ್. ಹೇಗಿದ್ರೂ ಮೆಕ್ಯಾನಿಕ್ ಒಪ್ಕೊಂಡಿದ್ನಲ್ಲ.”

ಪುಟ್ಟ ನಗಲು ಶುರು ಮಾಡಿದ. “ಎಳೆದು ಹಾಕಿದ್ದು ಯಾಕೆ ಗೊತ್ತಾ? ಥಟ್ಟಂತ ಸಾಯಬಾರ್ದು ಅಂತ. ಎರಡು ದಿನ ಹಾಸಿಗೆ ಪಕ್ಕ ಕೂತಿದ್ದೆ. ಮಾತಾಡೋಕೆ ಆಗ್ತಿರಲಿಲ್ಲ, ಕಿವಿ ಕೇಳಿಸ್ತಿತ್ತು. ಅವಳ ಕಾಗದ ಎಲ್ಲ ನಂಗೆ ಬಾಯಿಪಾಠ. ಒಂದೊಂದಾಗಿ ಒಪ್ಪಿಸ್ದೆ. ಒಂದು ತಪ್ಪಿಲ್ದೆ.”

“ಅವರು ನಿನ್ನ ಅಪ್ಪ. ಈ ಮೆಕ್ಯಾನಿಕ್ ನಿಂಗೇನ್ ಮಾಡಿದ್ದ?” ಟೈಪಿಸ್ಟನ ಬಾಯಿಂದ ತಾನಾಗಿ ಹೊರಬಿತ್ತು. ಬೂದಿಯಮ್ಮನ ಸಭೆಗಳಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

“ಏನೂ ಇಲ್ಲ” ಎಂದ ಪುಟ್ಟ. “ಅಪ್ಪನ ಮೇಲೆ ಕೈ ಎತ್ತೋಕೆ ನನ್ನಿಂದ ಯಾವತ್ತೂ ಆಗ್ಲಿಲ್ಲ. ಇವನ ಕೈ ನನ್ನ ಕಾಲ ಹತ್ರಾನೇ ಇತ್ತು.”

ಪೇದೆಗಳು ಅವನನ್ನು ಕರೆದೊಯ್ದರು. ಅಣ್ಣ ಅತ್ತಿಗೆ ಹಿಂದೆಯೇ ಹೋದರು. ಹೋಗುವಾಗ ಮೆಕ್ಯಾನಿಕ್ಕನ ಕಡೆ ತಿರುಗಿ ಸಹ ನೋಡಲಿಲ್ಲ.

ಮೆಕ್ಯಾನಿಕ್ ಗೋಡೆ ಬಿಟ್ಟು ಕದಲಿರಲಿಲ್ಲ. “ಅಮ್ಮಾ, ಪೈಪು ಅವ್ರು ಬದಲಾಯಿಸಿದ್ರು, ಸರಿ. ಆದ್ರೆ ಶನಿವಾರ ನಾನು ಬಿಗಿ ಮಾಡಿದ್ನಾ?”

“ಇಲ್ಲಿ ಬಾ.” ಬೂದಿಯಮ್ಮ ಪೈಪಿನ ಎರಡೂ ತುದಿಗಳನ್ನು ಬೆಳಕಿಗೆ ಹಿಡಿದರು. ಒಂದೊಂದು ತುದಿಯ ಸುತ್ತಲೂ ಪಟ್ಟಿ ಒತ್ತಿದ ತಗ್ಗು, ಎರಡೂ ಕಡೆ ಒಂದೇ ಆಳ. “ಕ್ಲಿಪ್ಪು ಕಚ್ಚಿದ ಗುರುತು. ಮುಟ್ಟಿ ನೋಡು. ಎರಡೂ ಬಿಗಿ ಮಾಡಿದ್ದೆ. ಆ ಮುದುಕ ಬೈತಿದ್ದಾಗಲೇ ಮಾಡಿದ್ದೆ.”

ಅವನು ಎಡಗೈ ಬೆರಳಿನಿಂದ ಆ ತಗ್ಗನ್ನು ಸವರಿದ. ಒಂದು ತುದಿ, ಆಮೇಲೆ ಇನ್ನೊಂದು. ಮತ್ತೆ ಮೊದಲನೆಯದು. ಅವನ ಹೆಂಡತಿ ಜೋರಾಗಿ ಅತ್ತುಬಿಟ್ಟಳು. ಅವನು ಅಳಲಿಲ್ಲ.

ಇನ್‌ಸ್ಪೆಕ್ಟರು ತಪ್ಪೊಪ್ಪಿಗೆಯ ಕಾಗದವನ್ನು ಹರಿದರು. ಟೈಪಿಸ್ಟ ಹೊಸ ಹಾಳೆ ಏರಿಸಿ, ನಿರಪರಾಧಿಯ ಕೈ ಮುರಿದದ್ದರ ದೂರನ್ನು ಟೈಪು ಮಾಡಿಕೊಟ್ಟ. ಬಲಗೈಯಲ್ಲಿ ಪ್ಲಾಸ್ಟರಿದ್ದುದರಿಂದ ಇನ್‌ಸ್ಪೆಕ್ಟರು ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ತೆಗೆದರು. ಮೆಕ್ಯಾನಿಕ್ ಬೇಡವೆಂದು ತಲೆಯಾಡಿಸಿ, ಎಡಗೈಯಲ್ಲಿ ಪೆನ್ನು ತಗೊಂಡು, ಸರಸರನೆ ಸಹಿ ಹಾಕಿದ. ಒಂದು ಅಕ್ಷರ ಸೊಟ್ಟಗಾಗಿರಲಿಲ್ಲ.

“ಪರವಾಗಿಲ್ವೇ! ಎಡಗೈಯಲ್ಲೂ ಇಷ್ಟು ಚೆನ್ನಾಗಿ ಬರುತ್ತಾ?” ಎಂದರು ಇನ್‌ಸ್ಪೆಕ್ಟರು.

“ಎಂಟು ದಿನದಿಂದ ಅಭ್ಯಾಸ ಮಾಡಿದೀನಿ ಸಾರ್, ಇವತ್ತಿಗೆ ಅಂತ” ಎಂದ ಮೆಕ್ಯಾನಿಕ್. “ಅಂಕುಡೊಂಕಾದ್ರೆ ಒಲ್ಲದ ಮನಸ್ಸಿಂದ ಒಪ್ಕೊಂಡ ಅಂತ ಯಾರೂ ಅಂದ್ಕೋಬಾರ್ದಲ್ಲ.”

ಇನ್‌ಸ್ಪೆಕ್ಟರು ಪೆನ್ನು ವಾಪಸ್ ಕೇಳಲು ಮರೆತರು. ಬೂದಿಯಮ್ಮ ಮೆಟ್ಟಿಲ ಕಡೆ ನಡೆದರು.